ಮಲಗಿದೆ ಎಂದೆ

ಆ ದಿನ ನಾವಿಬ್ಬರೂ ಅವರೆಕಾಳು ಹಿದುಕುತ್ತಾ ಕೂತಿದ್ದೆವು. ಸಂಕ್ರಾಂತಿ ಕಳೆದು ನಾಲ್ಕೈದು ದಿನವಾಗಿತ್ತು. ಬಂಗಾರಪೇಟೆ ಮಾರ್ಕೆಟ್ಟಿನಿಂದ ನಾನು ತಂದ ಕಾಯಲ್ಲಿ ಸೊಗಡೇ ಇಲ್ಲವೆಂದು ನನ್ನ ಹೆಂಡತಿ ರತ್ನಮ್ಮ ಹಿಂದಿನ ದಿನದಿಂದ ಗೊಣಗುತ್ತಿದ್ದಳು. ಆದರೂ ಬಿಡಿಸಿ, ನೆನೆಹಾಕಿ, ಬೆಳಗಿನ ತಿಂಡಿಯಾದ ಮೇಲೆ ಪಾತ್ರೆಯನ್ನು ನಡುವೆ ಇಟ್ಟುಕೊಂಡು ಕೂತಳು. ಎರಡು ಬೆರಳ ನಡುವೆ ಕಾಳನ್ನು ಒತ್ತಿದರೆ ಸಿಪ್ಪೆ ಕೈಯಲ್ಲಿ ಉಳಿದು ಬೇಳೆ ಪಾತ್ರೆಗೆ ಬೀಳಬೇಕು. ನಾನು ಒತ್ತಿದ್ದು ನನ್ನ ಕನ್ನಡಕಕ್ಕೇ ಹಾರಿತು.

“ಮೂವತ್ತು ವರ್ಸ ಮನುಸ್ರ ಲಿವರ್ ಕುಯ್ದಿರೋ ಕೈ ನೋಡು. ಒಂದು ಅವರೆಕಾಳು ಇದುಕಾಕ್ ಬರಲ್ಲ,” ಅಂದಳು.

“ಲಿವರ್ ಹಿಂಗೆ ಹಾರಲ್ಲ ಕಣೆ.”

“ಆರಂಗಿದ್ರೆ ನಿಮ್ಮ ಡಾಕ್ಟರಮ್ಮ ಯಾವತ್ತೋ ಮನೆಗೆ ಕಳಿಸ್ತಿದ್ರು.”

ನಕ್ಕಳು. ನಗುತ್ತಾ ಬಲಗಡೆ ಪಕ್ಕೆಯ ಕೆಳಗೆ ಅಂಗೈ ಒತ್ತಿಕೊಂಡಳು. ಏನೆಂದು ಕೇಳಿದೆ. “ಮೂರ್ ದಿನದಿಂದ ಇಲ್ಲಿ ಇಡ್ಕಂಡಂಗೈತೆ ಕಣ್ರೀ,” ಅಂದಳು. ಅವರೆ ತಿಂದದ್ದಕ್ಕೆ ಗ್ಯಾಸು, ಸಾರಿಗೆ ಇಂಗು ಹಾಕು ಎಂದೆ. ಹಾಕಿದಳು. ಮಧ್ಯಾಹ್ನ ಮುದ್ದೆ, ಹಿದುಕಿದ ಬೇಳೆ ಸಾರು ಉಂಡು ಇಬ್ಬರೂ ಸ್ವಲ್ಪ ಹೊತ್ತು ಮಲಗಿದೆವು. ಮರುದಿನ ಬೆಳಗ್ಗೆ ನಲ್ಲಿಯ ಹತ್ತಿರ ಬಿಸಿಲಿಗೆ ಮುಖ ಎತ್ತಿದಾಗ ಅವಳ ಕಣ್ಣಿನ ಬಿಳಿಭಾಗ ಹಳದಿಯಾಗಿ ಕಂಡಿತು. ನಮ್ಮ ಮನೆಯಲ್ಲಿ ಮಾಮೂಲಾಗಿ ನಡೆದ ಕಡೆಯ ದಿನ ಅವರೆಕಾಳಿನ ದಿನವೇ.

ಲ್ಯಾಬ್ ಕೆಲಸಕ್ಕೆ ಹೊಸದಾಗಿ ಸೇರುವ ಮಕ್ಕಳು ಕೆಲವರು ನನ್ನನ್ನು ಕೇಳುತ್ತಾರೆ, ಈ ಕೆಲಸ ಹೇಗಿರುತ್ತದೆ ಎಂದು. ಸಂಬಳ, ಬಡ್ತಿ ಇವೆಲ್ಲ ನನಗೆ ಸರಿಯಾಗಿ ನೆನಪಿಲ್ಲ. ನೆನಪಿರುವುದನ್ನು ಬರೆಯುತ್ತೇನೆ. ನನ್ನಿಂದ ಆದ ಒಂದು ತಪ್ಪನ್ನು ಹೇಳದೆ ಉಳಿದದ್ದನ್ನು ಹೇಳಿದರೆ ಪ್ರಯೋಜನವಿಲ್ಲವಾದ್ದರಿಂದ ಅದನ್ನೂ ಬರೆಯುತ್ತೇನೆ.

ನಾನು ಸೇರಿದ್ದು ಕೆಜಿಎಫ್‌ನ ಒಂದು ಆಸ್ಪತ್ರೆಯ ಲ್ಯಾಬಿಗೆ. ರೋಗಿಯ ದೇಹದಿಂದ ತೆಗೆದ ಮಾಂಸದ ಚೂರನ್ನು ಮೇಣದಲ್ಲಿ ಕೂರಿಸಿ, ಕೂದಲಿಗಿಂತ ತೆಳ್ಳಗೆ ಸೀಳಿ, ಗಾಜಿನ ಮೇಲೆ ಹರಡಿ, ಬಣ್ಣ ಹಾಕಿ ಡಾಕ್ಟರ ಮುಂದೆ ಇಡುವುದು ನಮ್ಮ ಕೆಲಸ. ಮೇಣದ ತುಂಡಿಗೆ ಬ್ಲಾಕ್ ಎನ್ನುತ್ತೇವೆ, ಗಾಜಿಗೆ ಸ್ಲೈಡ್. ನನಗೆ ಕೆಲಸ ಕಲಿಸಿದವರು ಸೆಲ್ವಣ್ಣ. ಚಾಂಪಿಯನ್ ರೀಫ್ಸ್‌ನ ಗಣಿ ಕಾರ್ಮಿಕರ ಲೈನ್ ಮನೆಯಲ್ಲಿ ಹುಟ್ಟಿ ಬೆಳೆದವರು. ಮನೆಯಲ್ಲಿ ತಮಿಳು, ನನ್ನೊಂದಿಗೆ ಕನ್ನಡ, ಸಿಟ್ಟು ಬಂದರೆ ಎರಡೂ.

“ಡೇ ತಂಬಿ, ಮೆದುವಾ, ಮೆದುವಾ! ನಿಧಾನಕ್ಕೆ ತಿರುಗ್ಸು. ಸೌದೆ ಒಡಿತಾ ಇದ್ದೀಯಾ?” ಮೊದಲ ವಾರ ಸೀಳುವ ಯಂತ್ರದ ಚಕ್ರ ತಿರುಗಿಸುವಾಗ ನಾನು ದಿನವೂ ಕೇಳಿದ ಮಾತು ಇದು.

ಅವರ ತಂದೆ ಗಣಿಯ ಬಾವಿಯ ಬಾಯಲ್ಲಿ ನಿಂತು ಬೆಲ್ ಹೊಡೆಯುವ ಕೆಲಸದಲ್ಲಿದ್ದವರು. ಊಟದ ಹೊತ್ತಿನಲ್ಲಿ ಸೆಲ್ವಣ್ಣ ಅದರ ಬಗ್ಗೆ ಹೇಳುತ್ತಿದ್ದರು. ಗಣಿಯೊಳಗೆ ಜನರನ್ನು ಒಯ್ಯುವ ಕೇಜನ್ನು ಎತ್ತಿ ಇಳಿಸುವ ಎಂಜಿನ್ ಡ್ರೈವರು ಕೂತಿರುವುದು ದೂರದ ಎಂಜಿನ್ ಮನೆಯಲ್ಲಿ. ಕೇಜಿನಲ್ಲಿರುವವರು ಅವನಿಗೆ ಕಾಣುವುದಿಲ್ಲ. ಅವನಿಗೆ ಗೊತ್ತಾಗುವುದು ಬೆಲ್ ಮಾತ್ರ. “ಓಡ್ತಾ ಇರೋವಾಗ ಒಂದು ಬೆಲ್ ಬಿದ್ರೆ ನಿಲ್ಲಿಸ್ಬೇಕು, ಅಷ್ಟೇ. ಯಾರು ಒಡೆದ್ರು, ಯಾಕೆ ಒಡೆದ್ರು ಕೇಳಂಗಿಲ್ಲ. ಮೊದ್ಲು ನಿಲ್ಲಿಸು, ಆಮೇಲೆ ಕೇಳು.” ನಮ್ಮ ಲ್ಯಾಬಿನಲ್ಲೂ ಅದೇ ಕ್ರಮ ತಂದಿದ್ದರು. ನಾನು ಬ್ಲಾಕನ್ನು ಹೆಚ್ಚು ಆಳಕ್ಕೆ ಸೀಳುತ್ತಿದ್ದರೆ ಚಾಕುವಿನ ಹಿಡಿಯಿಂದ ಮೇಜಿಗೆ ಒಂದೇ ಒಂದು ಸಲ ಕುಟ್ಟುತ್ತಿದ್ದರು. ನನ್ನ ಕೈ ತಾನಾಗಿ ನಿಲ್ಲುತ್ತಿತ್ತು. ಈಗಲೂ ಯಾರಾದರೂ ಮೇಜಿಗೆ ಒಮ್ಮೆ ಕುಟ್ಟಿದರೆ ನಿಲ್ಲುತ್ತದೆ.

ಅದಕ್ಕೂ ಮೊದಲು, ಅಲ್ಲಿ ಕೈಕೆಲಸದಲ್ಲಿ ನಾನು ಮಾಡಿದ ಇನ್ನೊಂದು ತಪ್ಪನ್ನು ಹೇಳಬೇಕು. ಸೀಳಿದ ತೆಳು ಪದರವನ್ನು ಗಾಜಿಗೆ ಎತ್ತಿಕೊಳ್ಳುವ ಮೊದಲು ಬೆಚ್ಚಗಿನ ನೀರಿನ ಮೇಲೆ ತೇಲಿಸುತ್ತೇವೆ. ಪ್ರತಿ ಬ್ಲಾಕಿನ ನಂತರ ಆ ನೀರಿನ ಮೇಲ್ಭಾಗವನ್ನು ಒರೆಸಿ ತೆಗೆಯಬೇಕು. ಒಂದು ದಿನ ನಾನು ಒರೆಸಲಿಲ್ಲ. ಹಿಂದಿನ ರೋಗಿಯ ಕ್ಯಾನ್ಸರಿನ ಚೂರೊಂದು ತೇಲಿ ಬಂದು ಮುಂದಿನ ರೋಗಿಯ ಸ್ಲೈಡಿಗೆ ಅಂಟಿಕೊಂಡಿತು. ಸ್ಲೈಡು ನೋಡಿ ವರದಿ ಬರೆಯುವ ನಮ್ಮ ಡಾಕ್ಟರಮ್ಮ ಅದನ್ನು ಹಿಡಿದರು. ಆರೋಗ್ಯವಾಗಿದ್ದ ಲಿವರಿನ ಪಕ್ಕದಲ್ಲಿ, ಮಧ್ಯೆ ಸಂಬಂಧವೇ ಇಲ್ಲದಂತೆ, ಬೇರೊಂದು ತುಂಡು. ಅವರು ನನ್ನನ್ನು ಕರೆದು ತೋರಿಸಿದರೇ ಹೊರತು ಬೈಯಲಿಲ್ಲ. ಬೈದವರು ಸೆಲ್ವಣ್ಣ.

“ನೀರು ಒರೆಸಿಲ್ಲ ಅಂದ್ರೆ ಒಬ್ಬನ ಸಾವು ಇನ್ನೊಬ್ಬನ ಮನೆಗೆ ಓಗ್ತದೆ ತಂಬಿ. ಗೊತ್ತಾಯ್ತಾ?”

ಗೊತ್ತಾಯಿತು. ಆಮೇಲೆ ನಿವೃತ್ತಿಯವರೆಗೆ ಒಂದು ಸಲವೂ ನೀರು ಒರೆಸುವುದನ್ನು ಮರೆಯಲಿಲ್ಲ. ಕೈಯಿಂದ ಮಾಡುವ ಕೆಲಸದಲ್ಲಿ ನಾನು ಅಷ್ಟು ಎಚ್ಚರವಾಗಿದ್ದೆ.

ಲಿವರ್ ನೋಡುವುದನ್ನು ಕಲಿಸಿದವರು ಡಾಕ್ಟರಮ್ಮ. ಆರೋಗ್ಯವಂತರ ಲಿವರಿನಲ್ಲಿ ಜೀವಕೋಶಗಳು ಒಂದರ ಪಕ್ಕ ಒಂದು ಸಾಲಾಗಿರುತ್ತವೆ. ಸಾಲು ಒಂದು ಕೋಶ ದಪ್ಪ, ಹೆಚ್ಚೆಂದರೆ ಎರಡು. ಬೆಳ್ಳಿಯ ಉಪ್ಪಿನಿಂದ ಮಾಡುವ ಒಂದು ಹಳೆಯ ಬಣ್ಣವಿದೆ. ಅದನ್ನು ಹಾಕಿದರೆ ಪ್ರತಿ ಸಾಲಿನ ಸುತ್ತ ಕಪ್ಪು ಎಳೆಗಳು ಏಳುತ್ತವೆ, ಗದ್ದೆಗೆ ಬದು ಹಾಕಿದಂತೆ. ಆ ಬಣ್ಣ ಮುನಿಸಿಕೊಳ್ಳುವ ಜಾತಿಯದು. ನೀರು ಸ್ವಲ್ಪ ಗಲೀಜಾದರೂ ಇಡೀ ಸ್ಲೈಡು ಮಸಿಯಾಗುತ್ತದೆ. ಸೆಲ್ವಣ್ಣ ಬಿಟ್ಟರೆ ನಮ್ಮಲ್ಲಿ ಅದನ್ನು ಚೆನ್ನಾಗಿ ಮಾಡುತ್ತಿದ್ದವನು ನಾನೊಬ್ಬನೇ.

“ದೊಡ್ಡವರ ಲಿವರಿನ ಕೋಶ ಸುಮ್ಮನೆ ತನ್ನ ಕೆಲಸ ಮಾಡಿಕೊಂಡಿರುತ್ತೆ ನಾರಾಯಣಪ್ಪ, ಒಡೆದು ಎರಡಾಗೋಕೆ ಹೋಗಲ್ಲ,” ಎಂದು ಡಾಕ್ಟರಮ್ಮ ಹೇಳಿದ್ದರು. “ಆದರೆ ಒಂದು ಭಾಗ ಹಾಳಾದರೆ ಉಳಿದ ಕೋಶಗಳು ಒಡೆದು ಹೆಚ್ಚಾಗಿ ಜಾಗ ತುಂಬುತ್ತವೆ. ತುಂಬಿದ ಮೇಲೆ ನಿಲ್ಲುತ್ತವೆ. ಬೆಳೆಯೋದು ಅಷ್ಟು ದೊಡ್ಡ ವಿಷಯ ಅಲ್ಲ. ಸರಿಯಾದ ಜಾಗಕ್ಕೆ ನಿಲ್ಲುತ್ತಲ್ಲ, ಅದು ದೊಡ್ಡ ವಿಷಯ.”

ಮುಂದೆ ನಾನು ಬಂಗಾರಪೇಟೆಯ ಒಂದು ಲ್ಯಾಬಿಗೆ ಬಂದೆ. ಕೆಲ ವರ್ಷಗಳ ಮೇಲೆ ಡಾಕ್ಟರಮ್ಮನೂ ಅಲ್ಲಿಗೇ ಬಂದರು. ಅಷ್ಟರಲ್ಲಿ ಕೆಲಸದ ರೀತಿ ಬದಲಾಗಿತ್ತು. ಕಾಮಾಲೆ ಯಾವ ಬಗೆಯದೆಂದು ತಿಳಿಯಲು ಮೊದಲು ಮಾದರಿಯನ್ನು ಬೆಂಗಳೂರಿಗೆ ಕಳಿಸಿ ದಿನಗಟ್ಟಲೆ ಕಾಯಬೇಕಿತ್ತು. ಈಗ ಹೆಪಟೈಟಿಸ್ ಬಿ ವೈರಸ್ಸಿಗೆ ಕಾರ್ಡ್ ಬಂದಿತ್ತು. ರಕ್ತದ ಸೀರಂ ಎರಡು ಹನಿ ಹಾಕಿದರೆ ಕಾಲು ಗಂಟೆಯಲ್ಲಿ ಗೆರೆ ಮೂಡುತ್ತದೆ. ಒಂದು ಗೆರೆ ಬಂದರೆ ವೈರಸ್ ಇಲ್ಲ, ಎರಡು ಬಂದರೆ ಇದೆ.

ಆ ಉತ್ಸಾಹದಲ್ಲಿ ಒಂದು ಭಾನುವಾರ ರತ್ನಮ್ಮನ ತವರಿಗೆ, ಕ್ಯಾಸಂಬಳ್ಳಿ ಪಕ್ಕದ ಹಳ್ಳಿಗೆ, ಸಿರಿಂಜುಗಳನ್ನು ತೆಗೆದುಕೊಂಡು ಹೋದೆ. ಎಲ್ಲರ ರಕ್ತ ತೆಗೆದೆ. ನಮ್ಮತ್ತೆ ಕೈ ಚಾಚಿ, “ಏಮಿರಾ ಅಲ್ಲುಡಾ, ಕೋಳಿ ಕುಯ್ತೀವಿ ಅಂತ ಕರೆದ್ರೆ ನಮ್ಮನ್ನೇ ಕುಯ್ಯಾಕ್ ಬಂದೆಯಾ?” ಎಂದರು. ಅಳಿಯನನ್ನು ತೆಲುಗಿನಲ್ಲಿ ಕರೆದು ಕನ್ನಡದಲ್ಲಿ ಬೈಯುವುದು ಅವರ ಪದ್ಧತಿ. ರತ್ನಮ್ಮನ ತಮ್ಮ ಮುನಿರಾಜ ಹಿತ್ತಲಿಗೆ ಓಡಿದ್ದ. ಹಿಡಿದು ತಂದೆವು. ಅವತ್ತಿನಿಂದ ಅವನು ನನ್ನನ್ನು ಸೂಜಿ ಭಾವ ಎಂದೇ ಕರೆಯುವುದು.

ಸೋಮವಾರ ಲ್ಯಾಬಿನಲ್ಲಿ ಕಾರ್ಡುಗಳನ್ನು ಸಾಲಾಗಿ ಇಟ್ಟೆ. ಅತ್ತೆಗೆ ಎರಡು ಗೆರೆ. ರತ್ನಮ್ಮನಿಗೆ, ಅವಳ ಅಕ್ಕನಿಗೆ, ಮುನಿರಾಜನಿಗೆ ಎರಡೆರಡು ಗೆರೆ. ತಾಯಿಯಿಂದ ಹೆರಿಗೆಯಲ್ಲಿ ಮಕ್ಕಳಿಗೆ ಬರುವುದು ಹೀಗೆಯೇ. ನಮ್ಮ ಮಗಳು ಸುಧಾಳಿಗೆ ಒಂದೇ ಗೆರೆ ಬಂತು. ಆ ವಾರವೇ ಅವಳಿಗೆ ಲಸಿಕೆ ಹಾಕಿಸಿದೆ. ಅದೊಂದನ್ನು ಸರಿಯಾಗಿ ಮಾಡಿದೆ.

ಉಳಿದವರ ಮುಂದಿನ ಪರೀಕ್ಷೆಗಳನ್ನೂ ಮಾಡಿಸಿ ಡಾಕ್ಟರಮ್ಮನನ್ನು ಕೇಳಿದೆ. ಅವರು ವರದಿಗಳನ್ನು ನೋಡಿ ಎರಡು ಮಾತು ಹೇಳಿದರು. “ಈಗ ವೈರಸ್ ಹೆಚ್ಚು ಚಟುವಟಿಕೆಯಲ್ಲಿ ಇಲ್ಲ, ಔಷಧ ಬೇಡ.” ಇದು ಮೊದಲನೆಯದು. “ಆದರೆ ಆರು ತಿಂಗಳಿಗೊಮ್ಮೆ ರಕ್ತಪರೀಕ್ಷೆ, ಸ್ಕ್ಯಾನಿಂಗ್ ಮಾಡಿಸ್ತಾ ಇರಬೇಕು, ಬಿಡಬಾರದು.” ಇದು ಎರಡನೆಯದು.

ನಾನು ಮನೆಗೆ ಬಂದು ರತ್ನಮ್ಮನಿಗೆ ಹೇಳಿದ್ದು ಒಂದೇ ಮಾತು. “ಏನೂ ಇಲ್ಲ ಕಣೆ. ವೈರಸ್ ಇದೆ, ಆದರೆ ಮಲಗಿದೆ.”

ಆ ಮಾತು ನನಗೆ ಎಲ್ಲಿಂದ ಬಂತೋ ತಿಳಿಯದು. ಹೆದರಿದವರ ಮುಖ ಅದನ್ನು ಕೇಳಿದ ಕೂಡಲೇ ಸಡಿಲವಾಗುತ್ತಿತ್ತು. ಅದಕ್ಕೇ ಲ್ಯಾಬಿನಲ್ಲೂ ಅದನ್ನೇ ಹೇಳತೊಡಗಿದೆ. ಕನ್ನಡದವರಿಗೆ ಮಲಗಿದೆ, ತಮಿಳರಿಗೆ ತೂಂಗುದು, ತೆಲುಗಿನವರಿಗೆ ನಿದ್ರಪೋತಾ ಉಂದಿ. ಡಾಕ್ಟರಮ್ಮ ಒಳಗಿನಿಂದ ಎರಡು ಮಾತು ಹೇಳಿ ಕಳಿಸುವರು. ಹೊರಗೆ ವರದಿ ಕೊಡುವಾಗ ನಾನು ಒಂದನ್ನು ದಾಟಿಸುವೆ. ಎರಡನೆಯದನ್ನು ವಿವರಿಸಲು ಹೊತ್ತು ಬೇಕು, ಹಿಂದೆ ಸಾಲಿರುತ್ತಿತ್ತು, ಹಳ್ಳಿಯವರಿಗೆ ಬಸ್ಸಿನ ಆತುರ ಇರುತ್ತಿತ್ತು. ಎಷ್ಟೋ ಸಲ ಎರಡನೆಯದನ್ನೂ ಹೇಳಿದ್ದೇನೆ. ಎಷ್ಟೋ ಸಲ ಹೇಳಿಲ್ಲ.

ಜನ ಆ ಮಾತನ್ನು ತಮ್ಮ ರೀತಿಯಲ್ಲಿ ಅರ್ಥ ಮಾಡಿಕೊಂಡಿದ್ದರು. ಅದು ಗೊತ್ತಾಗಿದ್ದು ತಡವಾಗಿ. ಒಂದು ದಿನ ಕ್ಯಾಸಂಬಳ್ಳಿ ಕಡೆಯ ಹೆಂಗಸೊಬ್ಬರು ರಕ್ತ ಕೊಡಲು ಒಪ್ಪದೆ ತೋಳನ್ನು ಸೆರಗಿನಲ್ಲಿ ಮುಚ್ಚಿಕೊಂಡು ಕೂತರು. ಯಾಕಮ್ಮ ಎಂದರೆ, “ಬ್ಯಾಡ ಸಾಮಿ. ನಂಗೈತೆ ಅದು, ಮಲ್ಗೈತಂತೆ. ಸೂಜಿ ಚುಚ್ಚಿದ್ರೆ ಎದ್ದೇಳಲ್ವಾ?” ಎಂದರು. ನಾನು ನಕ್ಕೆ. ಮಧ್ಯಾಹ್ನ ಊಟ ಮಾಡುವಾಗ ಡಾಕ್ಟರಮ್ಮನಿಗೂ ನಗುತ್ತಾ ಹೇಳಿದೆ. ಅವರು ನಗಲಿಲ್ಲ. “ಮಲಗಿದೆ ಅಂತ ಅವರಿಗೆ ಯಾರು ಹೇಳಿದ್ದು?” ಎಂದು ಕೇಳಿದರು. ಗೊತ್ತಿಲ್ಲ ಮೇಡಂ, ಎಂದೆ. ಮೇಜಿಗೆ ಒಮ್ಮೆ ಕುಟ್ಟುವವರು ಅವತ್ತು ಯಾರೂ ಇರಲಿಲ್ಲ. ಸೆಲ್ವಣ್ಣ ತೀರಿಕೊಂಡು ಬಹಳ ವರ್ಷವಾಗಿತ್ತು.

ನಮ್ಮತ್ತೆ ಹೊಟ್ಟೆಯಲ್ಲಿ ನೀರು ತುಂಬಿ ತೀರಿಕೊಂಡರು. ವಯಸ್ಸಾಗಿತ್ತು ಎಂದರು ಎಲ್ಲರೂ. ನಾನೂ ಹಾಗೇ ಅಂದುಕೊಂಡೆ. ಬೇರೆಯವರ ಮನೆಯಲ್ಲಾಗಿದ್ದರೆ ಲಿವರ್ ಕೆಟ್ಟಿದೆಯೆಂದೇ ಅಂದುಕೊಳ್ಳುತ್ತಿದ್ದೆ.

ರತ್ನಮ್ಮನ ಕಣ್ಣು ಹಳದಿಯಾದ ದಿನ ಬಂಗಾರಪೇಟೆಯಲ್ಲೇ ಸ್ಕ್ಯಾನ್ ಮಾಡಿಸಿದೆ. ಗಡ್ಡೆ ಲಿವರಿನ ಬಲಭಾಗವನ್ನು ಬಹಳಷ್ಟು ತುಂಬಿತ್ತು. ಬೆಂಗಳೂರಿಗೆ ಕರೆದುಕೊಂಡು ಹೋದೆ. ಅಲ್ಲಿ ಯಾವ ಔಷಧ ಕೊಡಬೇಕೆಂದು ತೀರ್ಮಾನಿಸಲು ಗಡ್ಡೆಗೆ ಸೂಜಿ ಹಾಕಿ ಮಾಂಸದ ಒಂದು ಸಣ್ಣ ಎಳೆ ತೆಗೆದರು. ನಾನು ಇದೇ ಕೆಲಸದವನೆಂದು ಹೇಳಿ, ಅರ್ಜಿ ಬರೆದುಕೊಟ್ಟು ಅದನ್ನು ಕೂರಿಸಿದ ಬ್ಲಾಕನ್ನು ಕೇಳಿ ಪಡೆದೆ. ರೈಲಿನಲ್ಲಿ ಶರ್ಟಿನ ಜೇಬಿನಲ್ಲಿಟ್ಟುಕೊಂಡು ಬಂದೆ. ಆಸ್ಪತ್ರೆಯಲ್ಲಿ ಅವಳ ಹತ್ತಿರ ಸುಧಾ ಇದ್ದಳು.

ನಾನು ನಿವೃತ್ತನಾಗಿದ್ದರೂ ಡಾಕ್ಟರಮ್ಮ ಇನ್ನೂ ನಮ್ಮ ಹಳೆಯ ಲ್ಯಾಬಿಗೆ ವಾರಕ್ಕೆರಡು ದಿನ ಬರುತ್ತಿದ್ದರು. “ನೀವು ಸೀಳಬೇಡಿ ನಾರಾಯಣಪ್ಪ, ಬೇರೆಯವರು ಮಾಡಲಿ,” ಎಂದರು. ನಾನೇ ಮಾಡುತ್ತೇನೆ ಎಂದೆ. ನೀರು ಒರೆಸಿದೆ. ಸೀಳಿದೆ. ಬೆಳ್ಳಿಯ ಬಣ್ಣ ಹಾಕಿದೆ. ಅದು ಆ ದಿನ ಬಹಳ ಚೆನ್ನಾಗಿ ಬಂತು. ಸ್ಲೈಡಿನ ಅಂಚಿನಲ್ಲಿ ಉಳಿದಿದ್ದ ಸ್ವಲ್ಪ ಒಳ್ಳೆಯ ಲಿವರಿನ ಸುತ್ತ ಕಪ್ಪು ಎಳೆಗಳು ಸ್ಪಷ್ಟವಾಗಿ ನಿಂತಿದ್ದವು. ಗಡ್ಡೆಯ ಕಡೆಗೆ ಸರಿಸಿದೆ. ಅಲ್ಲಿ ಎಳೆಗಳಿರಲಿಲ್ಲ. ಕೋಶಗಳು ನಾಲ್ಕು, ಐದು, ಆರು ಒಂದರ ಮೇಲೊಂದು ಬಿದ್ದಿದ್ದವು. ಬಣ್ಣ ಸರಿಯಾಗಿ ಹಿಡಿದಿಲ್ಲವೇನೋ ಎಂಬ ಆಸೆಗೂ ಜಾಗವಿರಲಿಲ್ಲ, ಪಕ್ಕದಲ್ಲೇ ಹಿಡಿದಿತ್ತು.

ಡಾಕ್ಟರಮ್ಮ ಅವತ್ತು ಬಹಳ ಹೊತ್ತು ನನ್ನ ಜೊತೆ ಕೂತು ಹೇಳಿದರು. ಇಷ್ಟು ವರ್ಷ ಸ್ಲೈಡು ಮಾಡಿಕೊಟ್ಟವನಿಗೆ ಅದರೊಳಗೆ ನಡೆಯುವುದು ಅರ್ಧವೂ ಗೊತ್ತಿರಲಿಲ್ಲ. ಸೆಲ್ವಣ್ಣನ ಬೆಲ್ಲನ್ನು ನೆನೆದುಕೊಂಡು ನಾನು ಅರ್ಥ ಮಾಡಿಕೊಂಡದ್ದು ಹೀಗೆ.

ಪ್ರತಿ ಕೋಶದಲ್ಲೂ ಒಬ್ಬ ಡ್ರೈವರ್ ಇದ್ದ ಹಾಗೆ. ಅವನಿಗೆ ಹೊರಗಿನದು ಕಾಣುವುದಿಲ್ಲ. ಬೆಳೆ ಎಂಬ ಬೆಲ್ ಬಂದರೆ ಕೋಶ ಎರಡಾಗುತ್ತದೆ, ನಿಲ್ಲು ಎಂಬ ಬೆಲ್ ಬಂದರೆ ನಿಲ್ಲುತ್ತದೆ. ಲಿವರಿನ ಕ್ಯಾನ್ಸರ್ ಕೋಶದಲ್ಲಿ ಬೆಳೆ ಎಂಬ ಬೆಲ್ ಯಾರೂ ಹೊಡೆಯದೆ ತಾನೇ ಬಡಿದುಕೊಳ್ಳುತ್ತಿರುತ್ತದೆ. ನಿಲ್ಲು ಎಂಬ ಬೆಲ್ಲಿನ ತಂತಿ ಕಡಿದುಹೋಗಿರುತ್ತದೆ. ಹೊರಗೆ ಎಷ್ಟು ಹೊಡೆದರೂ ಒಳಗೆ ಕೇಳಿಸದು. ಗಣಿಯಲ್ಲಿ ಕೇಜಿನ ಹಗ್ಗ ಸವೆದಿದೆಯೇ ಎಂದು ನೋಡುವವನಿದ್ದಂತೆ ಕೋಶದಲ್ಲೂ ಒಬ್ಬ ಕಾವಲುಗಾರ ಇರುತ್ತಾನೆ. ಕೋಶದ ಬರಹದಲ್ಲಿ, ಅಂದರೆ ಡಿಎನ್ಎಯಲ್ಲಿ, ತಪ್ಪು ಕಂಡರೆ ತಡೆದು ತಿದ್ದಿಸುತ್ತಾನೆ, ತಿದ್ದಲಾಗದಿದ್ದರೆ ಆ ಕೋಶವನ್ನೇ ಸಾಯಿಸುತ್ತಾನೆ. ಎಷ್ಟೋ ಗಡ್ಡೆಗಳಲ್ಲಿ ಆ ಕಾವಲುಗಾರನೇ ಕೆಟ್ಟಿರುತ್ತಾನೆ. ಇನ್ನೊಂದಿದೆ. ಕೋಶ ಒಡೆದಾಗಲೆಲ್ಲ ಅದರ ಬರಹದ ಎಳೆಯ ತುದಿ ಸ್ವಲ್ಪ ಸ್ವಲ್ಪ ಸವೆಯುತ್ತದೆ, ಪೂರ್ತಿ ಸವೆದರೆ ಕೋಶ ನಿಲ್ಲಲೇಬೇಕು. ಕ್ಯಾನ್ಸರ್ ಕೋಶ ಆ ತುದಿಯನ್ನು ಮತ್ತೆ ಮತ್ತೆ ನೇಯ್ದುಕೊಳ್ಳುತ್ತದೆ. ತನಗೆ ಬೇಕಾದ ರಕ್ತದ ದಾರಿಯನ್ನು ತಾನೇ ಎಳೆದುಕೊಳ್ಳುತ್ತದೆ. ತಪಾಸಣೆಗೆ ಬರುವ ಬಿಳಿ ರಕ್ತಕಣಗಳಿಗೆ ಮನೆಯವನೇ ಎಂದು ಚೀಟಿ ತೋರಿಸುತ್ತದೆ.

“ಇಷ್ಟೂ ಒಂದೇ ದಿನದಲ್ಲಿ ಆಗಲ್ಲ,” ಎಂದರು ಡಾಕ್ಟರಮ್ಮ. “ವರ್ಷಗಟ್ಟಲೆ ಒಂದೊಂದಾಗಿ ಆಗುತ್ತೆ. ವೈರಸ್ಸಿನ ತುಣುಕುಗಳು ಕೋಶದ ಬರಹದ ಮಧ್ಯೆ ಸೇರಿಕೊಂಡಿರುತ್ತವೆ. ಕೋಶಗಳು ಸಾಯ್ತಾ ಹುಟ್ತಾ ಇರುತ್ತವೆ, ಪ್ರತಿ ಸಲ ನಕಲು ಮಾಡುವಾಗ ಇನ್ನೊಂದು ತಪ್ಪು ಸೇರಬಹುದು. ಹೊರಗಿನಿಂದ ಏನೂ ಗೊತ್ತಾಗಲ್ಲ. ಆರು ತಿಂಗಳಿಗೊಮ್ಮೆ ನೋಡಿ ಅನ್ನೋದು ಅದಕ್ಕೇ. ಚಿಕ್ಕದಿರುವಾಗ ಸಿಕ್ಕರೆ ತೆಗೆಯಬಹುದು.”

ಹಾಗಾದರೆ ಅದು ಮಲಗಿರಲಿಲ್ಲವೇ ಮೇಡಂ, ಎಂದೆ. ಅವರು ನನ್ನನ್ನು ನೋಡಿದರು. ರಕ್ತ ಕೊಡಲು ಒಪ್ಪದ ಆ ಹೆಂಗಸಿಗೆ ಮಲಗಿದೆ ಎಂದವನು ಯಾರೆಂದು ಅವರಿಗೆ ಆಗ ತಿಳಿದಿರಬೇಕು.

ರತ್ನಮ್ಮ ಐದನೆಯ ತಿಂಗಳು ಹೋದಳು. ಹೋಗುವ ಮುಂಚೆ ಒಂದು ದಿನ ಅವಳಿಗೆ ಎಲ್ಲವನ್ನೂ ಹೇಳಿದೆ, ಎರಡನೆಯ ಮಾತನ್ನೂ. “ಮುನಿರಾಜಂಗೂ ಒಂದೇ ಮಾತು ಏಳಿದ್ರಾ?” ಎಂದು ಕೇಳಿದಳು. ಹೌದು ಎಂದೆ. “ಓಗಿ ಇನ್ನೊಂದು ಏಳ್ಬುಟ್ ಬನ್ನಿ,” ಅಂದಳು. ಅವಳು ನನ್ನಿಂದ ಕೇಳಿದ್ದು ಅದೊಂದೇ.

ಮುನಿರಾಜ ಹಸು ಸಾಕಿಕೊಂಡು ಡೇರಿಗೆ ಹಾಲು ಹಾಕುವವನು. ತಿಥಿಯೆಲ್ಲ ಮುಗಿದ ಮೇಲೆ ಅವನ ಕೊಟ್ಟಿಗೆಯಲ್ಲಿ ನಿಂತು ಹೇಳಿದೆ. ಅವನು ಹಿಂಡುವುದನ್ನು ನಿಲ್ಲಿಸಲಿಲ್ಲ.

“ಮಲ್ಗೈತೆ ಅಂತ ನೀನೇ ಏಳಿದ್ದು ಭಾವ. ಈಗ ಎಬ್ಬಿಸ್ಬೇಕು ಅಂತೀಯಾ?”

“ಎಬ್ಬಿಸೋದಲ್ಲ ಕಣ್ಲಾ, ನೋಡೋದು. ಸ್ಕ್ಯಾನಿಂಗಲ್ಲಿ ಸೂಜೀನೇ ಇಲ್ಲ.”

“ಅಕ್ಕ ಸೆನ್ನಾಗಿದ್ಲು. ಬೆಂಗ್ಳೂರ್ಗೆ ಕರ್ಕಂಡೋಗಿ ಸೂಜಿ ಆಕ್ಸಿದೆ, ಐದು ತಿಂಗ್ಳಿಗೆ ಓದ್ಲು. ಎಬ್ಬಿಸ್ದೋನು ನೀನೇ ಅಂತ ಊರೆಲ್ಲ ಅಂತೈತೆ. ನಾನು ಅನ್ನಲ್ಲ. ಊರು ಅಂತೈತೆ.”

ಅವನಿಗೆ ಆ ಮಾತನ್ನು ಕೊಟ್ಟವನು ನಾನು, ಅದನ್ನೇ ಅವನು ನನಗೆ ವಾಪಸು ಕೊಡುತ್ತಿದ್ದ.

ನಾನು ಮೂರು ಸಲ ಅವನ ಹಳ್ಳಿಗೆ ಹೋಗಿ ಕರೆದ ಮೇಲೆ, ಕಳೆದ ತಿಂಗಳು, ಪಶು ಆಹಾರ ತರಲು ಬಂಗಾರಪೇಟೆಗೆ ಬಂದ ಮುನಿರಾಜ ಗಾಡಿ ನಿಲ್ಲಿಸಿ, ನಾನು ಕಾಯುತ್ತಿದ್ದ ಲ್ಯಾಬಿನೊಳಗೆ ಬಂದ. ಸೂಕ್ಷ್ಮದರ್ಶಕದ ಮುಂದೆ ಕೂರಿಸಿದೆ. ಒಂದು ಕಣ್ಣು ಮುಚ್ಚಿ, ಆಮೇಲೆ ಇನ್ನೊಂದು ಮುಚ್ಚಿ, “ಏನೂ ಕಾಣಲ್ವಲ್ಲೋ ಭಾವ, ನನ್ ರೆಪ್ಪೆ ಕೂದ್ಲೇ ಕಾಣ್ತೈತೆ,” ಎಂದ. ತಲೆ ಹಿಡಿದು ಸರಿಮಾಡಿದೆ. ಮೊದಲು ಅಂಚಿನ ಒಳ್ಳೆಯ ಲಿವರ್ ತೋರಿಸಿದೆ.

“ಬದು ಆಕ್ದಂಗೈತೆ,” ಎಂದ.

ನಿಧಾನವಾಗಿ ಗಡ್ಡೆಯ ಕಡೆಗೆ ಸರಿಸಿದೆ. ಅವನು ತುಂಬ ಹೊತ್ತು ನೋಡಿದ.

“ಇಲ್ಲಿ ಬದು ಎಲ್ಲೋಯ್ತು?”

“ಗಡ್ಡೆ ತಿಂದು ಹಾಕಿದೆ. ಸೂಜಿ ಹಾಕಿದ ದಿನ ಇದು ಹೀಗೇ ಇತ್ತು ಮುನಿರಾಜ. ಎಷ್ಟೋ ವರ್ಷದಿಂದ ತಿನ್ನುತ್ತಾ ಬಂದಿತ್ತು. ಯಾವತ್ತೂ ಮಲಗಿರಲಿಲ್ಲ. ಗೊತ್ತಿಲ್ಲದೆ ಹೇಳಿದೆ ನಾನು. ತಪ್ಪು ಹೇಳಿದೆ.”

ಅವನು ಕಣ್ಣು ತೆಗೆಯದೆ, “ಇದು ಅಕ್ಕಂದಾ?” ಎಂದು ಕೇಳಿದ. ಹೌದು ಎಂದೆ. ಎದ್ದು ನಿಂತು ಟವೆಲ್ಲಿನಿಂದ ಮುಖ ಒರೆಸಿಕೊಂಡ. ಸ್ಕ್ಯಾನಿಂಗ್ ಸೆಂಟರು ಎದುರು ರಸ್ತೆಯಲ್ಲೇ ಇತ್ತು. ಚೀಟಿ ಬರೆಸಿ ಇಟ್ಟಿದ್ದೆ, ಕೊಟ್ಟೆ. ಮಡಚಿ ಜೇಬಿಗೆ ಹಾಕಿಕೊಂಡ. “ಇವತ್ತು ಬ್ಯಾಡ ಭಾವ. ಕೆಂದಸು ಈಯೋ ಅಂಗೈತೆ. ಬತ್ತೀನಿ,” ಎಂದ. ಬಾಗಿಲ ಹತ್ತಿರ ತಿರುಗಿ, “ಸೂಜಿ ಇಲ್ಲ ತಾನೆ?” ಎಂದ. ಇಲ್ಲ ಎಂದೆ.

ಹೊಸಬರಿಗೆ ನಾನು ಹೇಳುವುದು ಇಷ್ಟೇ. ಡಾಕ್ಟರು ಎರಡು ಮಾತು ಹೇಳಿದರೆ ಎರಡನ್ನೂ ದಾಟಿಸಿ. ಬಸ್ಸು ಹೊರಟರೆ ಹೊರಡಲಿ.

ರತ್ನಮ್ಮನ ಟ್ರಂಕಿನಲ್ಲಿ ಒಂದು ಪ್ಲಾಸ್ಟಿಕ್ ಕವರಿನಲ್ಲಿ ಅವಳ ತವರಿನವರ ವರದಿಗಳನ್ನು ಇಡುತ್ತಿದ್ದೇನೆ. ಅವಳ ಅಕ್ಕನ ಸ್ಕ್ಯಾನಿಂಗ್ ಆಗಿದೆ, ಗಡ್ಡೆ ಇಲ್ಲ. ಮತ್ತೆ ನೋಡಬೇಕಾದ ತಿಂಗಳನ್ನು ಅದರ ಮೇಲೆ ಬರೆದಿದ್ದೇನೆ. ಸುಧಾಳ ರಕ್ತಪರೀಕ್ಷೆ ಮತ್ತೊಮ್ಮೆ ಮಾಡಿಸಿದೆ, ಒಂದೇ ಗೆರೆ. ಕೆಂಪು ಹಸು ಹೆಣ್ಣು ಕರು ಹಾಕಿದೆಯೆಂದು ಮುನಿರಾಜನ ಫೋನ್ ಬಂದು ಮೂರು ವಾರವಾಯಿತು. ಕವರಿನಲ್ಲಿ ಅವನ ವರದಿ ಇಲ್ಲ, ಸ್ಕ್ಯಾನಿಂಗಿಗೆ ಅವನು ಇನ್ನೂ ಬಂದಿಲ್ಲ.